ನೀರು ಕಾಣದ ಕಾಪಾ

ಅಂಕಲ್ ತೀರಿಕೊಂಡರೆಂದು ಹೇಳಲು ವಿಂಡಮ್ ವೇಲ್‌ನಿಂದ ಗೆಳೆಯ ಮನೋಜ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, "ಕಾಪಾ ಎಲ್ಲುಂಟು?" ಎಂದು. ಸಾವಿನ ಸುದ್ದಿ ಕೇಳಿದವನು ಆಡುವ ಮೊದಲ ಮಾತು ಇದಲ್ಲ ಎಂದು ನನಗೂ ಗೊತ್ತು. ಎಷ್ಟು ಹೊತ್ತಿಗೆ, ಏನಾಗಿತ್ತು, ನೋವು ತಿಂದರೇ ಎಂದು ಕೇಳುವುದು ರೂಢಿ. ಮನೋಜನಿಗೆ ಮಾತ್ರ ನನ್ನ ಪ್ರಶ್ನೆ ವಿಚಿತ್ರ ಅನ್ನಿಸಲಿಲ್ಲ. "ಅವರ ಮೇಲೇ ಹೊದಿಸಿದೀನಿ ಗುರು. ಎಡಗಡೆ ಕಾಣೋ ಥರ," ಎಂದ.

ಮಧ್ಯಾಹ್ನ ಊಟ ಮಾಡಿ, ಸಾರು ಚೆನ್ನಾಗಿದೆಯೆಂದು ಒಂದು ಸಲ ಕೆಮ್ಮಿ, ಕುರ್ಚಿಗೆ ಒರಗಿದವರು ಮತ್ತೆ ಕಣ್ಣು ಬಿಡಲಿಲ್ಲವಂತೆ. ಸಾರು ಚೆನ್ನಾಗಿದ್ದರೆ ಯಾರಾದರೂ ಕೆಮ್ಮುತ್ತಾರೆಯೇ ಎಂದು ನೀವು ಕೇಳಬಹುದು. ಅವರು ಕೆಮ್ಮುತ್ತಿದ್ದರು. ಅದನ್ನು ಹೇಳಬೇಕಾದರೆ ಮೆಲ್ಬರ್ನ್‌ನಿಂದ ಸಿಡ್ನಿಯ ಹ್ಯಾರಿಸ್ ಪಾರ್ಕಿಗೆ, ಅಲ್ಲಿಂದಲೂ ಹಿಂದಕ್ಕೆ ಪೋರ್ಚುಗಲ್ಲಿನ ಒಂದು ಪುಟ್ಟ ಹಳೆಯ ಊರಿಗೆ ಹೋಗಬೇಕಾಗುತ್ತದೆ.

ಅವರ ಹೆಸರು ಬರೆಯುವುದಿಲ್ಲ. ತನ್ನ ಹೆಸರು ಎಲ್ಲಿಯೂ ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ಟೆಲಿಫೋನ್ ಡೈರೆಕ್ಟರಿಯಿಂದಲೂ ಹಟ ಹಿಡಿದು ತೆಗೆಸಿದ್ದರು. ನಾವು ಹುಡುಗರು ಅಂಕಲ್ ಎನ್ನುತ್ತಿದ್ದೆವು. ನನ್ನ ಅಮ್ಮ ಮಾತ್ರ ಮಾಷ್ಟ್ರೇ ಎಂದು ಕರೆದಳು, ಅದೂ ಒಂದು ಶನಿವಾರದವರೆಗೆ.

ನಾನು ಉಡುಪಿಯಿಂದ ಅಕೌಂಟಿಂಗ್ ಓದಲು ಸಿಡ್ನಿಗೆ ಬಂದ ಕಾಲ ಅದು. ಎರಡು ಸಾವಿರದ ದಶಕ ಆಗಷ್ಟೇ ಶುರುವಾಗಿತ್ತು. ಹ್ಯಾರಿಸ್ ಪಾರ್ಕಿನ ಒಂದು ದಿನಸಿ ಅಂಗಡಿಯ ಗಾಜಿನ ಮೇಲೆ ರೂಮ್ ಬಾಡಿಗೆಗೆ ಇದೆ ಎಂಬ ಹತ್ತಾರು ಇಂಗ್ಲಿಷ್ ಚೀಟಿಗಳ ನಡುವೆ ಒಂದು ಕನ್ನಡ ಚೀಟಿ ಇತ್ತು: "ರೂಮ್ ಇದೆ. ಅಡುಗೆ ಬರಬೇಕು. ಬರದಿದ್ದರೆ ಕಲಿಯಬೇಕು." ಆ ದೇಶದಲ್ಲಿ ಕನ್ನಡದ ಕೈಬರಹ ನೋಡಿದ ಖುಷಿಗೆ, ಅಡುಗೆ ಬಾರದ ನಾನು ಸೀದಾ ಹೋಗಿ ಬಾಗಿಲು ತಟ್ಟಿದೆ. ತೆಳ್ಳಗೆ, ಉದ್ದಕ್ಕೆ, ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡ ಮನುಷ್ಯ. ನನ್ನ ಕೋರ್ಸು, ಕೆಲಸ, ವೀಸಾ ಯಾವುದನ್ನೂ ಕೇಳಲಿಲ್ಲ.

"ಬೇರೆಯವ ಮಾಡಿದ ಅಡುಗೆ ಕೆಟ್ಟರೆ ಎಂತ ಮಾಡ್ತೆ?"

"ತಿಂತೇನೆ."

"ಒಳಗೆ ಬಾ."

ಅವರು ಕಾರವಾರದವರು. ಅಪ್ಪ ಬೇಗ ಹೋದರು. ಗೋವೆಯಲ್ಲಿದ್ದ ಸೋದರಮಾವ ಕರೆದುಕೊಂಡು ಹೋಗಿ ಪೋರ್ಚುಗೀಸ್ ಶಾಲೆಗೆ ಹಾಕಿದರು. ಗಣಿತದಲ್ಲಿ ಹುಡುಗ ಚುರುಕು ಎಂದು ಯಾರೋ ವಿದ್ಯಾರ್ಥಿವೇತನ ಕೊಡಿಸಿ ಹಡಗು ಹತ್ತಿಸಿದರು. ಇಳಿದದ್ದು ಪೋರ್ಚುಗಲ್ಲಿನಲ್ಲಿ, ಸೇರಿದ್ದು ಕೊಯಿಂಬ್ರಾ ಎಂಬ ಊರನ್ನು. ಗುಡ್ಡದ ತುದಿಯಲ್ಲಿ ವಿಶ್ವವಿದ್ಯಾಲಯ, ಬುಡದಲ್ಲಿ ನದಿ, ನಡುವೆ ಮೆಟ್ಟಿಲೋ ಮೆಟ್ಟಿಲು. ಅವರ ಮಾತಿನಲ್ಲೇ ಹೇಳುವುದಾದರೆ, ಆ ಊರಲ್ಲಿ ಓದಿದವರಿಗೆ ಬುದ್ಧಿ ಬರುತ್ತದೋ ಇಲ್ಲವೋ, ಮೀನಖಂಡ ಮಾತ್ರ ಗಟ್ಟಿಯಾಗುತ್ತದೆ. ಕೊನೆಯ ವರ್ಷದಲ್ಲಿದ್ದಾಗ ಗೋವಾ ಭಾರತಕ್ಕೆ ಸೇರಿತು. ಎರಡು ದೇಶಗಳ ನಡುವೆ ಮಾತು ನಿಂತಿತು, ಟಪಾಲು ನಿಂತಿತು, ಇವರು ಅಲ್ಲೇ ಉಳಿದರು. ಆಮೇಲೆ ಎಲ್ಲೆಲ್ಲೋ ಸುತ್ತಿ ಸಿಡ್ನಿಗೆ ಬಂದು, ರಿಟೈರ್ ಆಗುವವರೆಗೆ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟರು. ಮದುವೆಯಾಗಲಿಲ್ಲ.

ಕೊಯಿಂಬ್ರಾದಲ್ಲಿ ವಿದ್ಯಾರ್ಥಿಗಳೇ ಸೇರಿ ನಡೆಸುವ ಮನೆಗಳಿಗೆ 'ರಿಪಬ್ಲಿಕ್' ಎನ್ನುತ್ತಾರಂತೆ. ಒಂದೇ ಒಲೆ, ಒಂದೇ ಮೇಜು, ಎಲ್ಲರೂ ಒಪ್ಪದೆ ಯಾವ ತೀರ್ಮಾನವೂ ಇಲ್ಲ. ಅಂಕಲ್ ಅದನ್ನೇ ಅನಾಮತ್ತಾಗಿ ಎತ್ತಿ ತಂದು ಹ್ಯಾರಿಸ್ ಪಾರ್ಕ್ ಸ್ಟೇಷನ್ನಿನ ಹಿಂದಿನ ಹಳೆಯ ಇಟ್ಟಿಗೆ ಮನೆಯಲ್ಲಿ ಇಟ್ಟಿದ್ದರು. ಅಂದು ಅಡುಗೆ ಮಾಡಿದವನೇ ಅಂದಿನ ರಾಷ್ಟ್ರಪತಿ. ಮನೆಯ ಯಜಮಾನನಾದ ಅವರಿಗೂ ಒಂದೇ ವೋಟು. ಒಮ್ಮೆ ಯಾರೋ ಬೀದಿಗೆ ಎಸೆದಿದ್ದ ಒಳ್ಳೆಯ ಸೋಫಾವನ್ನು ನಾವು ಹೊತ್ತು ತಂದೆವು. ನಮ್ಮ ಜೊತೆಗಿದ್ದ ಪಂಜಾಬಿ ಹುಡುಗ ಬಣ್ಣ ಸರಿಯಿಲ್ಲ ಎಂದು ಒಪ್ಪಲಿಲ್ಲ. ಸೋಫಾ ಅಂಗಳದಲ್ಲೇ ಕೂತಿತು, ಮಳೆಯಲ್ಲಿ ನೆನೆಯಿತು, ಅದರ ಮೇಲೆ ಅಣಬೆ ಎದ್ದಿತು. "ಏನ್ ಅಂಕಲ್, ನೀವು ಒಂದ್ ಮಾತು ಹೇಳ್ಬಾರ್ದಾ ಅವನಿಗೆ?" ಎಂದು ಮನೋಜ ಗೋಗರೆದ. ಬೆಂಗಳೂರಿನ ಮನೋಜ ಐಟಿ ಓದುತ್ತಿದ್ದವನು, ನನ್ನ ರೂಮ್‌ಮೇಟ್. "ಒಂದು ಮಾತು ಹೇಳಿದ್ರೆ ಸೋಫಾ ಒಳಗೆ ಬರ್ತದೆ, ರಿಪಬ್ಲಿಕ್ ಹೊರಗೆ ಹೋಗ್ತದೆ," ಎಂದು ಅಂಕಲ್ ಪೇಪರ್ ಮಡಚಿದರು.

ಇನ್ನು ಕೆಮ್ಮು. ಆ ಊರಲ್ಲಿ ಹುಡುಗರು ಬೀದಿಯಲ್ಲಿ ನಿಂತು ಹಾಡಿದರೆ ಕೇಳಿದವರು ಚಪ್ಪಾಳೆ ತಟ್ಟುವುದಿಲ್ಲವಂತೆ, ಮೆಲ್ಲಗೆ ಗಂಟಲು ಸರಿಮಾಡಿಕೊಳ್ಳುತ್ತಾರಂತೆ. ಅದೇ ಶಹಬ್ಬಾಸ್. ಅಂಕಲ್ ಬಾಯಿಬಿಟ್ಟು ಯಾರನ್ನೂ ಹೊಗಳಿದವರಲ್ಲ. ನಾವು ಬಡಿಸುವಾಗ ಎಲ್ಲರ ಕಿವಿಯೂ ಅವರ ಗಂಟಲಿನ ಮೇಲೆ. ನನ್ನ ಮೊದಲ ಕೆಮ್ಮು ಗಳಿಸಲು ನನಗೆ ಒಂದಿಡೀ ಚಳಿಗಾಲ ಹಿಡಿಯಿತು. ಅನ್ನ, ತಿಳಿಸಾರು, ಹುರಿದ ಹಪ್ಪಳ. ಅಂದು ನಾನು ಪರೀಕ್ಷೆ ಪಾಸಾದವನ ಹಾಗೆ ಪಾತ್ರೆ ತೊಳೆದೆ.

ಕಾಪಾ ಎಂದರೆ ಅಲ್ಲಿನ ವಿದ್ಯಾರ್ಥಿಗಳು ಹೊದೆಯುವ ಕರಿ ಉಣ್ಣೆಯ ನಿಲುವಂಗಿ. ತೋಳಿಲ್ಲ, ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಬೀಳುತ್ತದೆ. ಅಂಕಲ್ ರೂಮಿನ ಹೊರಗೆ, ಓಣಿಯಂಥ ಪಡಸಾಲೆಯಲ್ಲಿ, ಕೈಗೆಟುಕದ ಎತ್ತರಕ್ಕೆ ಕಟ್ಟಿದ ಒಂದು ಕೋಲಿನ ಮೇಲೆ ಅದೊಂದೇ ಬಟ್ಟೆ ನೇತಾಡುತ್ತಿತ್ತು. ಅದಕ್ಕೆ ಎರಡು ಕಟ್ಟಳೆ. ಒಂದು, ಅದನ್ನು ಒಗೆಯುವಂತಿಲ್ಲ. ಒಗೆದರೆ ಓದಿದ ದಿನಗಳೆಲ್ಲ ನೀರಿನಲ್ಲಿ ಹೋಗುತ್ತವೆ ಎಂದು ಅಲ್ಲಿನವರ ನಂಬಿಕೆ. ಇನ್ನೊಂದು, ಓದು ಮುಗಿದ ದಿನ ಬೇಕಾದವರು ಅದರ ಅಂಚನ್ನು ಕೈಯಿಂದಲೋ ಹಲ್ಲಿನಿಂದಲೋ ಹರಿಯಬೇಕು. ಬಲಗಡೆ ಗೆಳೆಯರು, ಎಡಗಡೆ ಮನೆಯವರು. ಅಂಕಲ್ ಅವರ ಕಾಪಾದ ಬಲಗಡೆ ಚಿಂದಿಯಾಗಿತ್ತು. ಎಡಗಡೆ ಹೊಸ ಬಟ್ಟೆಯ ಹಾಗೆ ನೆಟ್ಟಗಿತ್ತು.

ನಮ್ಮಲ್ಲಿ ಯಾರದ್ದಾದರೂ ಡಿಗ್ರಿ ಮುಗಿದರೆ ಅವನು ಅಡುಗೆಗೆ ಕಟ್ಟಿಕೊಳ್ಳುತ್ತಿದ್ದ ಏಪ್ರನ್ ತೆಗೆದುಕೊಂಡು ನಾವೆಲ್ಲ ಬಲಗಡೆ ಹರಿಯುತ್ತಿದ್ದೆವು. "ಮನೆಯವರು ಇಲ್ಲಿಲ್ಲ, ಸದ್ಯಕ್ಕೆ ನಾನು," ಎಂದು ಅಂಕಲ್ ಎಡಗಡೆ ಹರಿಯುತ್ತಿದ್ದರು. ಅವರದ್ದನ್ನು ನಾವು ಹರಿಯುತ್ತೇವೆ ಎಂದರೆ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದರು. "ಅದು ನಿಮ್ಮ ಇಲಾಖೆ ಅಲ್ಲ." ನಮ್ಮೆಲ್ಲರ ಎಡಗಡೆಯನ್ನೂ ಹರಿದ ಮನುಷ್ಯನಿಗೆ ತನ್ನ ಎಡಗಡೆ ಹರಿಯುವವರು ಯಾರೂ ಇರಲಿಲ್ಲ.

ನನ್ನ ಓದು ಮುಗಿದಾಗ ಗ್ರಾಜುಯೇಶನ್ನಿಗೆಂದು ಅಮ್ಮ ಬಂದಳು. ಅಪ್ಪನಿಗೆ ವಿಮಾನವೆಂದರೆ ಭಯ, ಹಾಗಾಗಿ ಒಬ್ಬಳೇ. ಹತ್ತಿರ ಒಂದು ರೂಮ್ ಬುಕ್ ಮಾಡುತ್ತೇನೆ ಎಂದದ್ದಕ್ಕೆ ಅಂಕಲ್ ಮೇಜಿನ ಮೇಲೆ ಚಮಚ ಬಡಿದು ಸಭೆ ಕರೆದರು. "ಇವನ ತಾಯಿ ಬರ್ತಾರೆ. ಹೋಟೆಲಿಗೆ ಹಾಕ್ತಾನಂತೆ. ಒಪ್ಪಿಗೆಯೋ?" ಸೋಫಾದ ಪಂಜಾಬಿಯೂ ಸೇರಿ ಎಲ್ಲರೂ ನನ್ನನ್ನು ಉಗಿದರು. ಅಂಕಲ್ ತಮ್ಮ ರೂಮು ಬಿಟ್ಟುಕೊಟ್ಟು ಮುಂದಿನ ಕೋಣೆಯಲ್ಲಿ ಮಲಗಿದರು.

ಅಮ್ಮನ ವಿಷಯ ಸ್ವಲ್ಪ ಹೇಳಬೇಕು. ನಮ್ಮದು ಮಡಿಯ ಮನೆ. ಅದರ ಮೇಲೆ ಅಮ್ಮನಿಗೆ ಹರಿದ ಬಟ್ಟೆ ಕಂಡರೆ ಆಗುವುದಿಲ್ಲ. ಪರ್ಸಿನಲ್ಲಿ ದುಡ್ಡು ಇರುತ್ತದೋ ಇಲ್ಲವೋ, ಸೂಜಿ ಇರುತ್ತದೆ. ಬಂದ ಎರಡನೇ ದಿನವೇ ಮನೋಜನ ಜೀನ್ಸ್ ಕಣ್ಣಿಗೆ ಬಿತ್ತು. ಮೊಣಕಾಲಲ್ಲಿ, ತೊಡೆಯಲ್ಲಿ ಅಲ್ಲಲ್ಲಿ ಹರಿದು ಮಾರುವ, ಅದಕ್ಕೇ ಹೆಚ್ಚು ಬೆಲೆಯ ಜೀನ್ಸ್. "ಪಾಪ, ತಾಯಿ ಹತ್ತಿರ ಇಲ್ಲದ ಮಗು," ಎಂದು ಅದನ್ನು ಒಂದೂ ಬಿಡದೆ ನೀಟಾಗಿ ಹೊಲಿದು ಇಸ್ತ್ರಿ ಮಾಡಿ ಅವನ ಮಂಚದ ಮೇಲಿಟ್ಟಳು. ಮನೋಜ ಅದನ್ನು ಹಿಡಿದು ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ. "ಥ್ಯಾಂಕ್ಸ್ ಆಂಟಿ," ಎಂದು ಅದನ್ನೇ ಹಾಕಿಕೊಂಡು ಕಾಲೇಜಿಗೆ ಹೋದ. ಆ ಹುಡುಗ ಎಂಥವನು ಎಂದು ನನಗೆ ಅಂದೇ ಗೊತ್ತಾದದ್ದು.

ಅಂಕಲ್ ಅಮ್ಮನನ್ನು ತಮ್ಮ ಊರಿನ ರೀತಿಯಲ್ಲಿ ಗೌರವಕ್ಕೆ 'ಬಾಯಿ' ಎನ್ನುತ್ತಿದ್ದರು. ಮೊದಲ ದಿನ ಅವಳ ಸೌತೆಕಾಯಿ ಹುಳಿ ಬಾಯಿಗಿಟ್ಟು ಕೆಮ್ಮಿದರು. ಅಮ್ಮ ನೀರು ತರಲು ಓಡಿದಳು. ಇನ್ನೊಂದು ತುತ್ತು, ಇನ್ನೊಂದು ಕೆಮ್ಮು. "ಅಯ್ಯೋ, ಖಾರ ಹೆಚ್ಚಾಯ್ತಾ ಮಾಷ್ಟ್ರೇ?" ಎಂದು ಅವಳು ಕಂಗಾಲು. ನಾನು ಸಂಗತಿ ಹೇಳಿದ ಮೇಲೆ, "ಬಾಯಲ್ಲಿ ಹೇಳಿದ್ರೆ ಎಂತ ಗಂಟು ಹೋಗ್ತದೆ ಇವರದ್ದು?" ಎಂದು ತುಳುವಿನಲ್ಲಿ ಗೊಣಗಿದಳು. ಆದರೆ ಮರುದಿನದಿಂದ ಅವಳೂ ಕಿವಿ ಕೊಟ್ಟು ಬಡಿಸುತ್ತಿದ್ದಳು.

ಬಂದ ದಿನವೇ ನಾನು ಎಚ್ಚರಿಕೆ ಹೇಳಿದ್ದೆ. "ಅಮ್ಮಾ, ಪಡಸಾಲೆಯಲ್ಲಿ ಮೇಲೆ ಕರಿ ಬಟ್ಟೆ ಉಂಟಲ್ಲ, ಅದನ್ನು ಯಾರೂ ಮುಟ್ಟಬಾರದು." ಹೇಳಿದ್ದೇ ಎಡವಟ್ಟಾಯಿತು. ನಮ್ಮ ಮನೆಯಲ್ಲಿ ಕೈಗೆಟುಕದಂತೆ ಎತ್ತರದ ಕೋಲಿನ ಮೇಲೆ ಹಾಕುವ, ಯಾರೂ ಮುಟ್ಟಬಾರದ ಬಟ್ಟೆ ಒಂದೇ, ಮಡಿಬಟ್ಟೆ. ಉಣ್ಣೆಯದ್ದಾದರೆ ಧಾಬಳಿ. ಅಮ್ಮ ಅದನ್ನು ಬೇರೆ ಏನೆಂದು ತಾನೇ ತಿಳಿಯಬೇಕಿತ್ತು? ಹೆಂಗಸಿಲ್ಲದ ಮನೆ, ಒಬ್ಬಂಟಿ ಗಂಡಸು, ಪಾಪ, ಪೂಜೆಯ ಧಾಬಳಿ ಧೂಳು ತಿಂದು ಮುಗ್ಗಲು ವಾಸನೆ ಹೊಡೆಯುತ್ತಿದೆ ಎಂದು ದಿನಾ ಅದರ ಕೆಳಗೆ ಓಡಾಡುವಾಗ ಅವಳ ಹೊಟ್ಟೆ ಉರಿಯುತ್ತಿತ್ತಂತೆ.

ಶನಿವಾರಗಳಂದು ಅಂಕಲ್ ರೈಲು ಹತ್ತಿ ಪೀಟರ್ಶಮ್‌ಗೆ ಹೋಗುತ್ತಿದ್ದರು. ಅಲ್ಲಿ ಪೋರ್ಚುಗೀಸರ ಕಾಫಿ ಅಂಗಡಿಗಳಿವೆ. ಹಳೆಯ ಒಂದಿಬ್ಬರ ಜೊತೆ ಹರಟಿ, ಸಂಜೆ ನಮಗೆ ಕಸ್ಟರ್ಡ್ ತುಂಬಿದ ಸಣ್ಣ ಸಣ್ಣ ಟಾರ್ಟ್ ತರುತ್ತಿದ್ದರು. ಆ ಶನಿವಾರ ನಾನು ಪೆಟ್ರೋಲ್ ಬಂಕಿನ ಶಿಫ್ಟಿನಲ್ಲಿದ್ದೆ. ಮನೋಜನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

"ಗುರು, ಆಂಟಿ ಕಾಪಾ ಒಗೆದುಬಿಟ್ಟಿದಾರೆ."

"ಏನು?"

"ಬ್ಯಾಕ್‌ಯಾರ್ಡಲ್ಲಿ ನೇತಾಡ್ತಾ ಇದೆ. ನೀರು ಸುರೀತಾ ಇದೆ. ನಾನು ಈಗ ಎದ್ದೆ. ಏನ್ ಮಾಡ್ಲಿ?"

"ಏನೂ ಮಾಡ್ಬೇಡ!" ಎಂದೆ. ಏನು ಮಾಡಬಹುದಿತ್ತು ಎಂದು ನನಗೂ ಗೊತ್ತಿರಲಿಲ್ಲ. ಶಿಫ್ಟ್ ಬಿಟ್ಟು ಹೋಗುವ ಹಾಗಿರಲಿಲ್ಲ. ಸಂಜೆಯವರೆಗೆ ಗಿರಾಕಿಗಳಿಗೆ ಏನು ಕೊಟ್ಟೆನೋ, ಏನು ತೆಗೆದುಕೊಂಡೆನೋ ದೇವರಿಗೇ ಗೊತ್ತು. ಓಡೋಡಿ ಮನೆಗೆ ಬಂದಾಗ ಅಲ್ಲಿ ಬೇಸಿಗೆಯ ತಿಂಗಳಾದ ಡಿಸೆಂಬರಿನ ಬಿಸಿಲಿಗೆ ಕಾಪಾ ಒಣಗಿತ್ತು. ಅಮ್ಮ ಹಿಂದಿನ ಮೆಟ್ಟಿಲ ಮೇಲೆ ಅದನ್ನು ಮಡಿಲಲ್ಲಿಟ್ಟು ಕೂತಿದ್ದಳು. ಕೈಯಲ್ಲಿ ಸೂಜಿ, ಹಲ್ಲಿನಲ್ಲಿ ಕರಿ ದಾರ. ಬಲಗಡೆಯ ಕೊನೆಯ ಹರಕಿಗೆ ಗಂಟು ಹಾಕುತ್ತಿದ್ದಳು.

"ಅಮ್ಮಾ, ಮುಟ್ಟಬೇಡ ಅಂದಿದ್ದೆನಲ್ಲ!"

"ಅದಕ್ಕೇ ಮಾರಾಯ, ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ಆ ಮಾಪಿನ ಕೋಲು ತೊಳೆದು ಅದರಿಂದಲೇ ತೆಗೆದದ್ದು. ಧಾಬಳಿಯಾದ್ರೆ ಎಂತ, ವರ್ಷಕ್ಕೊಮ್ಮೆಯಾದ್ರೂ ನೀರು ಕಾಣಬೇಡ್ವಾ? ಎಷ್ಟು ಹರಿದಿತ್ತು ಗೊತ್ತುಂಟಾ? ಈಗ ನೋಡು."

ನೋಡಿದೆ. ಗೆರೆಯೂ ಕಾಣದ ಹೊಲಿಗೆ. ಆ ಹೊಲಿಗೆ ಇಷ್ಟು ಚೆನ್ನಾಗಿ ಬರಬಾರದಿತ್ತು. ಮನೋಜ ಅಡುಗೆಮನೆಯ ಕಿಟಕಿಯಲ್ಲಿ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ನಾನು ಕಾಪಾದ ಕಥೆಯನ್ನು ತುಳುವಿನಲ್ಲಿ ಅಮ್ಮನಿಗೆ ಹೇಳುತ್ತಾ ಹೋದ ಹಾಗೆ ಅವಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಮುಗಿಸುವಷ್ಟರಲ್ಲಿ ಮುಂಬಾಗಿಲು ಕಿರುಗುಟ್ಟಿತು.

ಅಂಕಲ್ ಒಂದು ಕೈಯಲ್ಲಿ ಟಾರ್ಟಿನ ಪೆಟ್ಟಿಗೆ, ಇನ್ನೊಂದರಲ್ಲಿ ಜಿಲೇಬಿಯ ಪೊಟ್ಟಣ ಹಿಡಿದು ಬಂದರು. ಟಾರ್ಟಿನಲ್ಲಿ ಮೊಟ್ಟೆ ಇರುತ್ತದೆಂದು ಅಮ್ಮನಿಗೆ ಬೇರೆ ತಂದಿದ್ದರು. ಪಡಸಾಲೆಗೆ ಕಾಲಿಟ್ಟವರು ಅಭ್ಯಾಸದಂತೆ ತಲೆಯೆತ್ತಿದರು. ಕೋಲು ಬೋಳಾಗಿತ್ತು. ಹಿಂಬಾಗಿಲಿಗೆ ಬಂದು ಅಮ್ಮನ ಮಡಿಲು ನೋಡಿದರು. ಕೈ ಚಾಚಿ ಕಾಪಾ ತೆಗೆದುಕೊಂಡು ಮೂಗಿನ ಹತ್ತಿರ ಹಿಡಿದರು. ಸೋಪಿನ ಪುಡಿಯ ವಾಸನೆ ನನಗೇ ಹೊಡೆಯುತ್ತಿತ್ತು. ಆಮೇಲೆ ಅವರ ಬೆರಳು ಬಲಗಡೆಯ ಅಂಚಿನ ಮೇಲೆ ಹರಿದಾಡಿ ಹರಕುಗಳನ್ನು ಹುಡುಕಿತು. ಒಂದೂ ಸಿಗಲಿಲ್ಲ. ಮತ್ತೆ ಮೊದಲಿನಿಂದ ಹುಡುಕಿತು. ಅದನ್ನು ನೋಡಲಾರದೆ ನಾನು ನೆಲ ನೋಡಿದೆ.

ಅವರು ಅಡುಗೆಮನೆಗೆ ಹೋಗಿ ಮೇಜಿನ ಮುಂದೆ ಕೂತರು. "ಆಯ್ತು ಗುರು, ಇವತ್ತೇ ಪ್ಯಾಕ್ ಮಾಡೋಣ," ಎಂದು ಮನೋಜ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. ನಾನು ಬೇಡ ಎಂದರೂ ಕೇಳದೆ ಸೀದಾ ಹೋಗಿ ಅವರೆದುರು ನಿಂತಳು.

"ಮಾಷ್ಟ್ರೇ, ತಪ್ಪಾಯ್ತು. ಧಾಬಳಿ ಅಂತ ಗ್ರಹಿಸಿದ್ದು ನಾನು. ಹೊಲಿದದ್ದನ್ನು ನಾನೇ ಬಿಚ್ಚಿಕೊಡ್ತೇನೆ. ಹಾಕಿದ ನೀರನ್ನು ಬಿಚ್ಚಲಿಕ್ಕೆ ಮಾತ್ರ ನನ್ನಿಂದ ಆಗುವುದಿಲ್ಲ."

ಅಂಕಲ್ ತಲೆಯೆತ್ತಿದರು. "ಧಾಬಳಿ?"

"ಹೌದು. ಮೇಲೆ ಕೋಲಲ್ಲಿ ಇತ್ತಲ್ಲ."

"ನೀವು... ಕೋಲಿನಿಂದ ತೆಗೆದ್ರಾ?"

"ಮತ್ತೆ? ಕೈಯಲ್ಲಿ ಮುಟ್ಟಿ ತೆಗೀಲಿಕ್ಕೆ ಆಗ್ತದಾ?"

"ಒದ್ದೆ ಸೀರೆಯಲ್ಲಿ?"

"ಒದ್ದೆ ಸೀರೆಯಲ್ಲೇ."

ಅವರ ಮೀಸೆಯ ಕೆಳಗೆ ಏನೋ ಅಲುಗಿತು. "ನನ್ನ ಆಯಿಗೂ ಒಂದು ಕೋಲಿತ್ತು," ಎಂದರು. ಆಯಿ ಎಂದರೆ ಅವರ ಮಾತಿನಲ್ಲಿ ಅಮ್ಮ. "ಬೆಳಿಗ್ಗೆ ತುದಿಯಲ್ಲಿ ಬಟ್ಟೆ ಸಿಕ್ಕಿಸಿಕೊಂಡು ಓಡಾಡುವಳು. ನಾವು ಮಕ್ಕಳು ಅಡ್ಡ ಬಂದ್ರೆ ಅದೇ ಕೋಲಿನಿಂದ ಬಿಡುವಳು." ಕಾಪಾವನ್ನು ಅಮ್ಮನ ಕಡೆ ಸರಿಸಿ, "ನಲವತ್ತು ವರ್ಷದಲ್ಲಿ ಈ ಕಾಪಾಕ್ಕೆ ಇಷ್ಟು ಮರ್ಯಾದೆ ಯಾರೂ ಕೊಟ್ಟದ್ದಿಲ್ಲ ಬಾಯಿ. ಕೂತ್ಕೊಳ್ಳಿ. ಬಿಚ್ಚುವ," ಎಂದರು.

ನನಗೆ ಹೋದ ಜೀವ ಅರ್ಧ ಬಂತು. ಅಮ್ಮ ಸೂಜಿಯ ಮೊನೆಯಿಂದ ತನ್ನದೇ ಹೊಲಿಗೆಯನ್ನು ಎಬ್ಬಿಸತೊಡಗಿದಳು. ಮೊದಲ ಹರಕು ಬಾಯಿಬಿಟ್ಟಾಗ ಅಂಕಲ್ ಅದರೊಳಗೆ ಬೆರಳಿಟ್ಟು ಕಣ್ಣು ಮುಚ್ಚಿದರು. ಏನು ಪರೀಕ್ಷೆ ಮಾಡುತ್ತಿದ್ದಾರೆ ಎಂದು ನನಗೆ ತಿಳಿಯಿತು. ನೀರಿಗೆ ಎಲ್ಲ ಹೋಯಿತೋ, ಉಳಿಯಿತೋ ಎಂದು ನೋಡುತ್ತಿದ್ದರು.

"ಇದು ಒಂದು ದ್ವೀಪದಿಂದ ಓದಲಿಕ್ಕೆ ಬಂದವ ಹರಿದದ್ದು," ಎಂದರು ನಿಧಾನಕ್ಕೆ. "ಚಳಿಗೆ ಬೂಟು ಹಾಕಿಯೇ ಮಲಗುವವ. ನಮ್ಮದು ಒಂದೇ ಕೋಣೆ. ಅವನಿಗೆ ಕನಸು ಬಿದ್ರೆ ನನಗೆ ಒದೆ."

ಎರಡನೆಯದು ಬಿಚ್ಚಿತು. "ಇದು ನಮ್ಮ ಕಾನೂನು ಪಂಡಿತ. ಪಾಠವನ್ನೆಲ್ಲ ಮೆಟ್ಟಿಲು ಇಳಿಯುತ್ತಾ ಬಾಯಿಪಾಠ ಮಾಡುವವ. ಪರೀಕ್ಷೆ ಅಲ್ಲಿ ಬಾಯಲ್ಲೇ, ಪ್ರೊಫೆಸರುಗಳ ಎದುರು ಕೂತು. ಪಂಡಿತನಿಗೆ ಕೂತರೆ ಒಂದಕ್ಷರ ಬರುವುದಿಲ್ಲ. ಎದ್ದು ನಿಂತು ಕೋಣೆಯಲ್ಲಿ ಮೇಲೆ ಕೆಳಗೆ ನಡೆದೇ ಉತ್ತರ ಹೇಳಿದ. ಪಾಸಾದ."

ಮೂರನೆಯದಕ್ಕೆ ನಕ್ಕೇಬಿಟ್ಟರು. ಆ ಊರಿನ ಗೋಪುರದ ಗಂಟೆಗೆ ಹುಡುಗರು 'ಆಡು' ಎಂದು ಹೆಸರಿಟ್ಟಿದ್ದರಂತೆ, ಕ್ಲಾಸಿಗೆ ಬನ್ನಿ ಎಂದು ದಿನಾ ಅರಚುತ್ತದೆಂದು. ಅದರ ನಾಲಿಗೆ ಬಿಚ್ಚಿದರೆ ಕ್ಲಾಸು ಇರುವುದಿಲ್ಲ ಎಂದು ಇವರೂ ಆ ಹರಕಿನ ಗೆಳೆಯನೂ ಗೋಪುರ ಹತ್ತಿದರಂತೆ. ನಾಲಿಗೆ ಮಿಸುಕಲಿಲ್ಲ. ಕೆಳಗೆ ಯಾರೋ ಬಾಗಿಲು ಹಾಕಿಕೊಂಡು ಹೋದರು. ಆಡು ಹೊಡೆದಾಗ ಇಬ್ಬರೂ ಅದರ ಪಕ್ಕದಲ್ಲೇ ಇದ್ದರು. "ಆಮೇಲೆ ಪ್ರೊಫೆಸರು ಎಂತ ಕೇಳಿದ್ರೂ ನಾವು ಹೌದು ಸಾರ್, ಹೌದು ಸಾರ್." ಮನೋಜ ಹೊಟ್ಟೆ ಹಿಡಿದುಕೊಂಡು ನಕ್ಕ. ಅಮ್ಮ ನಗುತ್ತಲೇ ದಾರ ಎಳೆಯುತ್ತಿದ್ದಳು.

ಕೊನೆಯದು ಎಡಗಡೆಗೆ ತೀರಾ ಹತ್ತಿರದಲ್ಲಿತ್ತು. ಅಂಕಲ್ ಅದನ್ನು ಎರಡು ಬೆರಳಲ್ಲಿ ಹಿಡಿದುಕೊಂಡರು.

"ಊರಿನ ಕಾಗದ ನಿಂತ ಮೇಲೆ ನಾನು ದಿನಾ ಪೋಸ್ಟಾಫೀಸಿಗೆ ಹೋಗ್ತಿದ್ದೆ. ಒಬ್ಬನೇ ನಿಂತರೆ ನಾಚಿಕೆ. ಇವನೂ ಜೊತೆಗೆ ಬರುವ. ನನಗೂ ಕಾಗದ ಬರಲಿಕ್ಕೆ ಉಂಟು ಅನ್ನುವ. ಅವನ ಮನೆ ಅದೇ ಊರಲ್ಲಿ, ನದಿಯ ಆಚೆ. ಯಾರು ಕಾಗದ ಬರೀತಾರೆ ಅವನಿಗೆ?" ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊನೆಯ ದಿನ ಇಲ್ಲಿಯವರೆಗೆ ಬಂದು ಹರಿದ. ಇದರಾಚೆ ನಿನ್ನ ಅಮ್ಮನ ಜಾಗ, ನಾನು ಕಾಲಿಡುವುದಿಲ್ಲ ಅಂದ."

ಎಲ್ಲ ಹರಕುಗಳೂ ಬಿಚ್ಚಿದ್ದವು. ಅಂಕಲ್ ಕಾಪಾವನ್ನು ಮೇಜಿನ ಮೇಲೆ ಹರಡಿ, "ಎಲ್ಲ ಅದೆ," ಎಂದರು, ತನಗೆ ತಾನೇ ಹೇಳಿಕೊಳ್ಳುವಂತೆ. "ಒಂದೂ ಹೋಗಲಿಲ್ಲ. ಸುಮ್ಮನೆ ಹೆದರಿಕೊಂಡಿದ್ದೆ ಇಷ್ಟು ವರ್ಷ." ಅವರ ಹೆಗಲು ಇಳಿದದ್ದು ಕಣ್ಣಿಗೆ ಕಾಣುತ್ತಿತ್ತು. ಬಹಳ ದೂರ ಹೊತ್ತು ತಂದ ಮೂಟೆಯನ್ನು ಯಾರೋ ಇಳಿಸಿದ ಹಾಗೆ.

ಅಮ್ಮ ಎಡಗಡೆಯ ಅಂಚನ್ನು ಕೈಯಲ್ಲಿ ಹಿಡಿದಿದ್ದಳು. "ನಿಮ್ಮ ಅಮ್ಮ?"

"ಕಾಗದ ಮತ್ತೆ ಶುರುವಾದಾಗ ಆಯಿ ಇರಲಿಲ್ಲ."

ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಗಿ ಮನೋಜ ಎದ್ದು ಹೋಗಿ ಆರಿಸಿ ಬಂದ. ಆಮೇಲೆ ಅಂಕಲ್, ತಾನು ಏನು ಕೇಳುತ್ತಿದ್ದೇನೆ ಎಂದು ತನಗೇ ಸಂಕೋಚವಾದವರಂತೆ, "ಇಷ್ಟು ಮಾಡಿದ್ದೀರಿ, ಅದೊಂದು ಹರಿದುಬಿಡಿ," ಎಂದರು.

"ರಾಮ ರಾಮ! ನಮ್ಮಲ್ಲಿ ಬಟ್ಟೆ ಹರಿಯುವುದು ಕೆಟ್ಟ ಕೆಲಸಕ್ಕೆ ಮಾಷ್ಟ್ರೇ."

"ಅಲ್ಲಿ ಒಳ್ಳೆಯದಕ್ಕೆ."

"ನಾನು ಯಾರು ನಿಮಗೆ, ಹರಿಯಲಿಕ್ಕೆ?"

ಅಂಕಲ್ ಬೆರಳು ಮಡಚಿದರು. "ಬಂದ ದಿನದಿಂದ ಅಡುಗೆ ಮಾಡಿ ಹಾಕ್ತಾ ಇದ್ದೀರಿ. ಕೇಳದೆ ಬಟ್ಟೆ ಒಗೆದ್ರಿ. ಮೊನ್ನೆ ಔಷಧಿ ತಗೊಳ್ಳಲಿಲ್ಲ ಅಂತ ಎಲ್ಲರ ಎದುರು ಬೈದ್ರಿ. ತಂಗಿಯ ಕೆಲಸ ಇನ್ನೆಂತ ಬಾಕಿ ಉಳೀತು?"

ಅಮ್ಮ ನನ್ನನ್ನು ನೋಡಿದಳು. ಅವಳು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಹಳೆಯ ಕಾಲದ ಹೊಲಿಗೆ, ಜಗ್ಗಲಿಲ್ಲ. ಮತ್ತೆ ಎಳೆದಳು. ಮನೋಜ ಕತ್ತರಿ ತರಲು ಹೋದರೆ ಅಂಕಲ್ ತಡೆದರು. "ಕೈ. ಇಲ್ಲದಿದ್ರೆ ಹಲ್ಲು."

"ಬಾಯಿ ಹಾಕಿದ್ರೆ ಎಂಜಲಾಗ್ತದೆ."

"ಆಗಲಿ."

ಒದ್ದೆ ಸೀರೆಯಲ್ಲಿ, ಕೋಲಿನಿಂದ, ಅಷ್ಟು ಮಡಿಯಲ್ಲಿ ಆ ಬಟ್ಟೆ ಮುಟ್ಟಿದ್ದ ನನ್ನ ಅಮ್ಮ ಅದರ ಅಂಚನ್ನು ದವಡೆಹಲ್ಲಿಗೆ ಕಚ್ಚಿಕೊಂಡಳು. ಹೊಲಿಗೆ ಟಕ್ಕೆಂದಿತು. ಆಮೇಲೆ ಕೈಯಲ್ಲಿ ಎಳೆದಳು. ಪರ್ರ್ ಎಂದು ಒಂದು ಗೇಣು ಹರಿಯಿತು.

ಮೊದಲು ಮನೋಜ ಕೆಮ್ಮಿದ. ನಾನು ಕೆಮ್ಮಿದೆ. ಕಣ್ಣೊರೆಸಿಕೊಳ್ಳುತ್ತಿದ್ದ ಅಮ್ಮ ಎಲ್ಲರನ್ನೂ ನೋಡಿ, ಸೆರಗು ಬಾಯಿಗಿಟ್ಟುಕೊಂಡು, ತಾನೂ ಒಂದು ಸಲ ಕೆಮ್ಮಿದಳು. "ಜಿಲೇಬಿ ತಿನ್ನು ಅಣ್ಣ, ತಣ್ಣಗಾಯ್ತು," ಎಂದಳು ಆಮೇಲೆ.

ಅಂದು ಸಂಜೆ ಬೆಳಕಿರುವಾಗಲೇ ಅಂಕಲ್ ಕಾಪಾ ಹೊದ್ದು ಹೊರಟರು. ಡಿಗ್ರಿ ಮುಗಿದವನು ಅದನ್ನು ಹಾಕಿಕೊಂಡು ಊರು ಸುತ್ತಬೇಕಂತೆ. ಅದು ಬಾಕಿ ಇತ್ತಂತೆ. ನೀರಿಗೆ ಉಣ್ಣೆ ಕುಗ್ಗಿ, ಹಿಮ್ಮಡಿಯವರೆಗೆ ಬರಬೇಕಾದದ್ದು ಮೊಣಕಾಲಿನ ಕೆಳಗೆ ನಿಂತಿತ್ತು. ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಗಳ ಮುಂದೆ ಆ ಸೆಖೆಯಲ್ಲಿ ಕರಿ ಉಣ್ಣೆ ಹೊದ್ದ ಮುದುಕ, ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಅಮ್ಮ, ಹಿಂದೆ ನಾವು. "ಎಲ್ಲ ನೋಡ್ತಾರೆ ಅಣ್ಣ," ಎಂದಳು ಅಮ್ಮ. "ನೋಡ್ಲಿ ತಂಗಿ, ನೋಡ್ಲಿಕ್ಕೇ ಅಲ್ವೋ ಹಾಕಿದ್ದು," ಎಂದು ಅವರು ಎಡಗೈಯಿಂದ ಆ ಹರಕಿನ ಅಂಚನ್ನು ಎತ್ತಿ ಹಿಡಿದು ನಡೆದರು. ಅಷ್ಟು ಹಗುರಾಗಿ ಅವರು ನಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ನಮಗೆಲ್ಲ ಆ ದೇಶದಲ್ಲೇ ನೆಲೆಸುವ ಪಿಆರ್ ಆಯಿತು, ಕೆಲಸ ಹಿಡಿದು ಮೆಲ್ಬರ್ನ್‌ಗೆ ಬಂದೆವು. ನಾನು ವೆರಿಬೀಯಲ್ಲಿ, ಮನೋಜ ಪಕ್ಕದ ವಿಂಡಮ್ ವೇಲ್‌ನಲ್ಲಿ. ಅಂಕಲ್ಲಿಗೆ ಮೊಣಕಾಲು ಸೋತಾಗ ಮನೋಜ ಸಿಡ್ನಿಗೆ ಹೋಗಿ ಅವರನ್ನು ಕರೆದುಕೊಂಡು ಬಂದ. "ನನ್ನ ಮನೇಲಿ ಮೂರು ವೋಟ್ ಇದೆ, ಮೂರೂ ನಿಮಗೆ," ಎಂದನಂತೆ. ಮೂರನೆಯದು ಅವನ ಪುಟ್ಟ ಮಗಳದ್ದು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಆ ಕೂಸು ಊಟ ರುಚಿಯಾದರೆ ಅಜ್ಜನ ಹಾಗೆಯೇ ಕೆಮ್ಮುತ್ತದೆ. ಶೀತವೆಂದು ಚೈಲ್ಡ್‌ಕೇರ್‌ನವರು ಎರಡು ಸಲ ಮನೆಗೆ ಕಳಿಸಿದ್ದಾರೆ.

ಅವರು ಹೋದ ದಿನ ಉಡುಪಿಗೆ ಫೋನ್ ಮಾಡಿದೆ. ಅಮ್ಮ ಮೊದಲು ಕೇಳಿದ್ದು ಊಟದ ವಿಷಯ.

"ಊಟ ಮಾಡಿದ್ರಾ ಅಣ್ಣ?"

"ಮಾಡಿದ್ರು. ಸಾರಿಗೆ ಕೆಮ್ಮಿಯೇ ಹೋದದ್ದಂತೆ."

"ಮೇಲೆ ಎಂತ ಹೊದಿಸಿದ್ದು?"

"ಕಾಪಾವೇ ಅಮ್ಮಾ."

ಹರಿದ ಬಟ್ಟೆ ಕಂಡರೆ ಅನ್ನ ಸೇರದ ನನ್ನ ಅಮ್ಮ ಕೊನೆಗೆ ದನಿ ತಗ್ಗಿಸಿ ಕೇಳಿದಳು: "ಎಡಗಡೆಯದ್ದನ್ನು ಯಾರೂ ಹೊಲಿಯಲಿಲ್ಲ ತಾನೇ?"

"ಇಲ್ಲಮ್ಮಾ. ನೀನು ಹರಿದದ್ದು ಹಾಗೇ ಉಂಟು."

"ಸದ್ಯ," ಎಂದಳು.